ರಾಜಧಾನಿಯ ಸೋಮವಾರದ ವ್ರತ

ನಮ್ಮ ಭಾವನವರು ಇಬ್ಬರು ಮಕ್ಕಳ ಮದುವೆ ಮುಗಿಸಿ, ಮನೆಯ ಸಾಲ ತೀರಿಸಿ, ಮೊಣಕಾಲು ಇನ್ನೂ ಹೇಳಿದ ಮಾತು ಕೇಳುತ್ತಿರುವಾಗಲೇ ಅಕ್ಕನಿಗೊಮ್ಮೆ ದೆಹಲಿ ತೋರಿಸಿಬಿಡಬೇಕೆಂದು ನಿರ್ಧರಿಸಿದ್ದಾರೆ. ಅದಕ್ಕಾಗಿ ಹಳೆಯ ಡೈರಿಯೊಂದರ ಖಾಲಿ ಪುಟದಲ್ಲಿ ಸ್ಕೇಲಿಟ್ಟು ಗೆರೆ ಎಳೆದು, ಕಾಫಿ ತಿಂಡಿಗೂ ಕಾಲಂ ಬಿಟ್ಟು, ಒಂದು ವೇಳಾಪಟ್ಟಿಯನ್ನು ತಯಾರಿಸಿ ನನ್ನ ಮುಂದಿಟ್ಟರು. ಶನಿವಾರ ಸಂಜೆ ಬೆಂಗಳೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತುವುದು, ಭಾನುವಾರವಿಡೀ ಕಿಟಕಿಯಲ್ಲಿ ದೇಶ ನೋಡುವುದು, ಸೋಮವಾರ ಬೆಳಿಗ್ಗೆ ದೆಹಲಿಯಲ್ಲಿ ಇಳಿದು ಸ್ನಾನ ಮುಗಿಸಿ ಮೊದಲು ಕೆಂಪುಕೋಟೆ, ಮಧ್ಯಾಹ್ನ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಸಂಜೆ ತಂಪು ಹೊತ್ತಿನಲ್ಲಿ ಕಮಲ ಮಂದಿರ. ಅಕ್ಷರ ಮುತ್ತಿನಂತಿತ್ತು. ಅದನ್ನು ಓದಿ ನನ್ನ ಕರುಳು ಚುರ್ ಎಂದಿತು.

ಏಕೆಂದರೆ ಸೋಮವಾರ ದೆಹಲಿಗೆ ವ್ರತ. ಕೆಂಪುಕೋಟೆ ಸೋಮವಾರ ಇಲ್ಲ. ರಾಷ್ಟ್ರೀಯ ವಸ್ತುಸಂಗ್ರಹಾಲಯ ಇಲ್ಲ, ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿ ಇಲ್ಲ, ತೀನ್ ಮೂರ್ತಿಯ ಪ್ರಧಾನಮಂತ್ರಿ ಸಂಗ್ರಹಾಲಯ ಇಲ್ಲ, ಮಕ್ಕಳು ಪುಟ್ಟ ರೈಲು ಹತ್ತುವ ರೈಲ್ವೆ ಮ್ಯೂಸಿಯಂ ಇಲ್ಲ. ಗಾಂಧೀಜಿ ಗುಂಡಿಗೆ ಬಲಿಯಾದ ಗಾಂಧಿ ಸ್ಮೃತಿಯೂ ಇಲ್ಲ. ಇವೆಲ್ಲ ಹೋಗಲಿ, ಸರ್ಕಾರಿ ರಜಾಪಟ್ಟಿಗೆ ಯಾವ ರೀತಿಯಲ್ಲೂ ಬದ್ಧವಲ್ಲದ, ಬಹಾಯಿ ಧರ್ಮದವರ ಕಮಲ ಮಂದಿರ ಮತ್ತು ಸ್ವಾಮಿನಾರಾಯಣ ಪಂಥದವರ ಅಕ್ಷರಧಾಮಗಳೂ ಅದೇ ದಿನ ಬಾಗಿಲು ಹಾಕಿಕೊಳ್ಳುತ್ತವೆ. ಮೊಘಲರು, ಬ್ರಿಟಿಷರು, ಕಾಂಗ್ರೆಸ್ಸಿಗರು, ಭಾಜಪದವರು, ಬಹಾಯಿಗಳು, ಸ್ವಾಮಿನಾರಾಯಣರ ಭಕ್ತರು ಯಾವುದೇ ಒಂದು ವಿಷಯದಲ್ಲಿ ಹೀಗೆ ಒಮ್ಮತಕ್ಕೆ ಬಂದ ನಿದರ್ಶನ ಈ ದೇಶದ ಚರಿತ್ರೆಯಲ್ಲಿ ಇನ್ನೊಂದು ಸಿಗಲಾರದು. ರಾಷ್ಟ್ರೀಯ ಭಾವೈಕ್ಯ ಎಲ್ಲಿದೆ ಎಂದು ಹುಡುಕುವವರು ಸೋಮವಾರ ದೆಹಲಿಗೆ ಹೋಗಿ ಬೀಗಗಳನ್ನು ನೋಡಿ ಬರಬಹುದು. ಅದಕ್ಕೆ ಪ್ರವೇಶಶುಲ್ಕವೂ ಇಲ್ಲ.

ಶನಿವಾರ ಭಾನುವಾರ ದುಡಿದ ಸಿಬ್ಬಂದಿಗೆ ಒಂದು ದಿನ ಬಿಡುವು ಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ಬಿಡುವು ಮನುಷ್ಯರಿಗೆ ಬೇಕು. ಕಟ್ಟಡಗಳಿಗೆ ಏಕೆ ಬೇಕು, ಅದೂ ಎಲ್ಲ ಕಟ್ಟಡಗಳಿಗೂ ಒಂದೇ ದಿನ ಏಕೆ ಬೇಕು ಎಂಬುದಷ್ಟೇ ನನ್ನ ಸಂಶಯ. ನಮ್ಮ ಕಡೆ ಮಂಗಳವಾರ ಕ್ಷೌರದಂಗಡಿ ಮುಚ್ಚಿರುತ್ತದೆಂಬುದು ಸಣ್ಣ ಮಕ್ಕಳಿಗೂ ಗೊತ್ತು, ಅದರಿಂದ ಯಾರಿಗೂ ತೊಂದರೆಯಾಗಿಲ್ಲ, ಏಕೆಂದರೆ ಕ್ಷೌರಕ್ಕಾಗಿ ಎರಡು ದಿನ ರೈಲಿನಲ್ಲಿ ಕುಳಿತು ಬರುವವರು ಯಾರೂ ಇಲ್ಲ. ಹಾಗೆ ದೂರದಿಂದ ಬಂದು ತಲೆ ಕೊಡುವವರು ಇದ್ದಾರೆ, ನಿಜ; ಆದರೆ ಅವರು ಹೋಗುವುದು ತಿರುಪತಿಗೆ, ಮತ್ತು ಅಲ್ಲಿಯ ಕಲ್ಯಾಣಕಟ್ಟೆ ಹಗಲು ರಾತ್ರಿ ಎನ್ನದೆ ವಾರದ ಏಳೂ ದಿನ ತೆರೆದಿರುತ್ತದೆ. ಅಲ್ಲಿಯೂ ಕೆಲಸ ಮಾಡುವವರು ಮನುಷ್ಯರೇ, ಅವರಿಗೂ ವಾರದ ರಜೆ ಇರಲೇಬೇಕು. ಒಬ್ಬರು ಹೋದಾಗ ಇನ್ನೊಬ್ಬರು ಬಂದು ಕೂರುವ ಆ ಗೂಢವಿದ್ಯೆ ವೆಂಕಟರಮಣನಿಗೆ ಸಿದ್ಧಿಸಿದೆ, ಸಂಸ್ಕೃತಿ ಇಲಾಖೆಗೆ ಇನ್ನೂ ಸಿದ್ಧಿಸಿಲ್ಲ.

ವಿಷಯ ತಿಳಿದ ಭಾವ ಧೃತಿಗೆಡದೆ ಸೋಮವಾರವನ್ನು ವಿಶ್ರಾಂತಿಗೆ ಬಿಟ್ಟು ಇಡೀ ಪಟ್ಟಿಯನ್ನು ಮುಂದಕ್ಕೆ ತಳ್ಳಿದರು. ತಳ್ಳಿದ ರಭಸಕ್ಕೆ ಆಗ್ರಾ ಶುಕ್ರವಾರಕ್ಕೆ ಬಂದು ಬಿತ್ತು. ಶುಕ್ರವಾರ ತಾಜಮಹಲ್ ಇಲ್ಲ. ಹಾಗಾದರೆ ಪ್ರವಾಸವನ್ನೇ ಆಗಸ್ಟಿಗೆ ಹಾಕೋಣ, ಸ್ವಾತಂತ್ರ್ಯೋತ್ಸವದ ಹೊತ್ತಿನಲ್ಲಿ ಕೆಂಪುಕೋಟೆ ನೋಡುವುದಕ್ಕೆ ಅದರದೇ ಒಂದು ಗಾಂಭೀರ್ಯವಿರುತ್ತದೆ ಎಂದರು. ಆ ಗಾಂಭೀರ್ಯಕ್ಕೋಸ್ಕರವೇ ಕೋಟೆಯನ್ನು ಆಗಸ್ಟ್ 15ಕ್ಕೆ ಎಷ್ಟೋ ದಿನ ಮೊದಲೇ ಸಾರ್ವಜನಿಕರಿಗೆ ಮುಚ್ಚಿಬಿಡುತ್ತಾರೆ ಎಂದು ನಾನು ವಿವರಿಸಬೇಕಾಯಿತು. ಭಾವ ಪೆನ್ನಿನ ಕ್ಯಾಪು ಹಾಕಿದರು.

ಮೇ 18ನ್ನು ವಿಶ್ವದಾದ್ಯಂತ ವಸ್ತುಸಂಗ್ರಹಾಲಯಗಳ ದಿನವೆಂದು ಆಚರಿಸಲಾಗುತ್ತದೆ. 2026ರಲ್ಲಿ ಅದು ಸೋಮವಾರ. ವಸ್ತುಸಂಗ್ರಹಾಲಯಗಳ ಹಬ್ಬ ವಸ್ತುಸಂಗ್ರಹಾಲಯಗಳ ರಜಾದಿನದಂದೇ ಬರುವಂತೆ ಮಾಡಿದ ಪಂಚಾಂಗಕ್ಕೆ ನಾನು ಕೈಮುಗಿಯುತ್ತೇನೆ. 2023ರಲ್ಲಿ ಇದೇ ದಿನದ ಸಡಗರಕ್ಕಾಗಿ ದೆಹಲಿಯಲ್ಲಿ ದೊಡ್ಡ ಪ್ರದರ್ಶನ ನಡೆದು, ಮೊಹೆಂಜೊದಾರೊದ ನರ್ತಕಿಯನ್ನು ಆಳೆತ್ತರಕ್ಕೆ ಬೆಳೆಸಿ, ಮೈಗೆ ತಿಳಿ ಬಣ್ಣ ಬಳಿದು, ಬಟ್ಟೆ ತೊಡಿಸಿ ಬಾಗಿಲಲ್ಲಿ ನಿಲ್ಲಿಸಿದ್ದನ್ನು ಓದುಗರು ಮರೆತಿರಲಾರರು. ಅದನ್ನು ನಮ್ಮ ಚನ್ನಪಟ್ಟಣದ ಬೊಂಬೆಯ ಶೈಲಿಯಲ್ಲಿ ಮರದಿಂದ ಮಾಡಿಸಿದ್ದರು ಎಂಬುದು ಕನ್ನಡಿಗರು ಹೆಮ್ಮೆಪಡಬೇಕೋ ಬೇಡವೋ ಎಂದು ಇನ್ನೂ ತೀರ್ಮಾನವಾಗದ ಸಂಗತಿ. 1926ರಲ್ಲಿ ನೆಲದಿಂದ ಎದ್ದುಬಂದ ಅಸಲಿ ಕಂಚಿನ ನರ್ತಕಿ ಗೇಣುದ್ದವೂ ಇಲ್ಲ. ಎಡಗೈ ತುಂಬ ಬಳೆ ಹಾಕಿಕೊಂಡು, ಬಲಗೈಯನ್ನು ಸೊಂಟದ ಮೇಲಿಟ್ಟು, ಗಲ್ಲವನ್ನು ತುಸು ಮೇಲೆತ್ತಿ ನಿಂತಿರುವ ಆ ಭಂಗಿಯನ್ನು ವಿದ್ವಾಂಸರು ನೃತ್ಯವೆಂದು ಏಕೆ ಕರೆದರೋ ನನಗೆ ತಿಳಿಯದು; ಸರ್ಕಾರಿ ಕಚೇರಿಯ ಮುಂದೆ ಕೌಂಟರ್ ತೆರೆಯಲೆಂದು ಕಾದು ನಿಂತಿರುವ ಯಾವ ಹೆಂಗಸನ್ನು ನೋಡಿದರೂ ಆ ನಿಲುವಿನ ಅರ್ಥ ಹೊಳೆಯುತ್ತದೆ. ಸುಮಾರು 4,500 ವರ್ಷಗಳಿಂದ ಅವಳು ಕಾಯುತ್ತಿದ್ದಾಳೆ. ಈಗ ಅವಳಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಇಡೀ ಸಂಗ್ರಹವನ್ನೇ, ಕೇಂದ್ರ ಸರ್ಕಾರದ ಹಳೆಯ ಕಚೇರಿ ಕಟ್ಟಡಗಳಾದ ನಾರ್ತ್ ಬ್ಲಾಕ್, ಸೌತ್ ಬ್ಲಾಕುಗಳಲ್ಲಿ 950 ಕೋಣೆಗಳ ಹೊಸ ಸಂಗ್ರಹಾಲಯ ಮಾಡಿ ಅಲ್ಲಿಗೆ ಸಾಗಿಸುವ ಯೋಜನೆಯಿದೆ. ಕೋಣೆಗಳ ಲೆಕ್ಕವನ್ನು ನಮಗೆ ಮೊದಲೇ ಕೊಟ್ಟಿದ್ದಾರೆ, ಸೋಮವಾರದ ಲೆಕ್ಕವನ್ನು ಕೊಟ್ಟಿಲ್ಲ.

ತೆರೆದಿರುವ ದಿನ ಹೋದರೆ ಸಲೀಸಾಗಿ ಒಳಗೆ ಹೋಗಬಹುದೆಂದು ಯಾರೂ ಭಾವಿಸಬಾರದು. ಕುತುಬ್ ಮಿನಾರ್, ಹುಮಾಯೂನನ ಸಮಾಧಿಯಂಥ ಸ್ಮಾರಕಗಳಿಗೆ 2018ರ ಪರಿಷ್ಕರಣೆಯಲ್ಲಿ ಗೊತ್ತುಮಾಡಿದ ದರದಂತೆ ನಗದು ಕೊಟ್ಟರೆ 40 ರೂಪಾಯಿ, ಆನ್‌ಲೈನಿನಲ್ಲಿ ಕೊಟ್ಟರೆ 35. ಹೆಸರು ಬೇಡ, ಒಂದು ಸ್ಮಾರಕದ ಮುಂದೆ ಆ ಐದು ರೂಪಾಯಿಯನ್ನು ಉಳಿಸಲು ನಾನು ನಡೆಸಿದ ಹೋರಾಟವನ್ನು ಇಲ್ಲಿ ದಾಖಲಿಸಲೇಬೇಕು. ಕ್ಯೂಆರ್ ಕೋಡಿನ ಫಲಕವನ್ನು ಬಿಸಿಲಿಗೆ ಎದುರಾಗಿ ನೆಟ್ಟಿದ್ದರಿಂದ ಅದರ ಗಾಜಿನಲ್ಲಿ ನನ್ನ ಮುಖ ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ. ಬೆನ್ನು ಬಗ್ಗಿಸಿ, ಹೆಂಡತಿಯ ಸೆರಗಿನ ನೆರಳಿನಲ್ಲಿ ಹೇಗೋ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು, ಗುರುತಿನ ಚೀಟಿಯ ಸಂಖ್ಯೆ ಎಲ್ಲವನ್ನೂ ಕೇಳಿ, ಕೊನೆಗೆ ಓಟಿಪಿ ಬರುವ ಹೊತ್ತಿಗೆ ನೆಟ್‌ವರ್ಕ್ ಹೋಯಿತು. ಮಾರು ದೂರದಲ್ಲಿ ಕೌಂಟರಿನೊಳಗೆ ಒಬ್ಬ ಮನುಷ್ಯ ಫ್ಯಾನಿನ ಕೆಳಗೆ ಕುಳಿತು ನಮ್ಮನ್ನೇ ನೋಡುತ್ತಿದ್ದ. ನಗದು ಕೊಡುತ್ತೇನೆಂದಾಗ ಅವನು ಕೈಯೆತ್ತಿ ಅದೇ ಫಲಕವನ್ನು ತೋರಿಸಿದ. ಹಿಂದೆ ರಾಜರ ದರ್ಶನಕ್ಕೆ ದ್ವಾರಪಾಲಕನ ಕೈ ಬಿಸಿ ಮಾಡಿದರೆ ಸಾಕಾಗುತ್ತಿತ್ತು. ಓಟಿಪಿಯ ಕೈ ಬಿಸಿ ಮಾಡುವ ಉಪಾಯ ಇನ್ನೂ ಪತ್ತೆಯಾಗಿಲ್ಲ.

ಸೋಮವಾರವೂ ತೆರೆದಿರುವ ಕುತುಬ್ ಮಿನಾರಿಗೆ ನಾನು ಮೆಚ್ಚುಗೆ ಸೂಚಿಸಬೇಕೆಂದುಕೊಂಡಿದ್ದೆ. ಆದರೆ ಅಲ್ಲಿ ತೆರೆದಿರುವುದು ಅಂಗಳ. ಮಿನಾರಿನ ಬಾಗಿಲು 1981ರಿಂದ ಮುಚ್ಚಿದೆ. ಆ ವರ್ಷದ ಡಿಸೆಂಬರ್ 4ರಂದು ಒಳಗಿನ ಸುರುಳಿ ಮೆಟ್ಟಿಲಿನಲ್ಲಿ ದೀಪ ಆರಿ, ಕತ್ತಲಲ್ಲಿ ನೂಕುನುಗ್ಗಲಾಗಿ 45 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಶಾಲೆಯ ಮಕ್ಕಳು. ಇಕ್ಕಟ್ಟಿನ ಮೆಟ್ಟಿಲಿಗೆ ಒಂದು ಸಲಕ್ಕೆ ಇಷ್ಟೇ ಜನ ಎಂದು ಎಣಿಸಿ ಬಿಡಬೇಕೆಂಬುದು, ಕರೆಂಟು ಹೋದರೆ ಉರಿಯುವ ಇನ್ನೊಂದು ದೀಪ ಇರಬೇಕೆಂಬುದು ಆ ಮಕ್ಕಳು ಹೋದ ಮೇಲೂ ನಮಗೆ ಕಲಿಯಬೇಕೆನಿಸಲಿಲ್ಲ, ಬೀಗ ಹಾಕುವುದನ್ನು ಕಲಿತೆವು. ನಲವತ್ತಕ್ಕೂ ಹೆಚ್ಚು ವರ್ಷಗಳಾದವು, ಬೀಗವೇ ಪರಿಹಾರವಾಗಿ ಉಳಿದಿದೆ. ಇದರಲ್ಲಿ ನಗಿಸುವಂಥದ್ದು ಏನೂ ಇಲ್ಲ, ನಗಿಸಲು ನನಗೆ ಮನಸ್ಸೂ ಇಲ್ಲ. ಜನ ಬರುತ್ತಾರೆ ಎಂಬುದನ್ನು ಈ ವ್ಯವಸ್ಥೆ ಎಂದೂ ಒಂದು ಸಂತೋಷದ ಸಂಗತಿಯೆಂದು ಕಂಡೇ ಇಲ್ಲ, ಅದಕ್ಕೆ ನಾವೆಲ್ಲ ಒಂದು ಉಪದ್ರವ, ಅಷ್ಟೇ.

ನಮ್ಮ ರಾಜಧಾನಿಯ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ದೆಹಲಿಯವರು ಬೇಸರಪಟ್ಟಾರು. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಹತ್ತನೆಯ ಶತಮಾನದ ಆತಕೂರಿನ ವೀರಗಲ್ಲಿದೆ. ಕಾಡುಹಂದಿಯೊಡನೆ ಕಾದಾಡಿ ಸತ್ತ ಕಾಳಿಯೆಂಬ ಬೇಟೆನಾಯಿಗೆ ನಿಲ್ಲಿಸಿದ ಕಲ್ಲು ಅದು. ಆ ಕಾಳಿಗೂ ಸೋಮವಾರ ರಜೆ. ಅದೇ ಫುಟ್‌ಪಾತಿನಲ್ಲಿ ನಾಲ್ಕು ಹೆಜ್ಜೆ ನಡೆದರೆ ಸಿಗುವ ವಿಶ್ವೇಶ್ವರಯ್ಯ ಸಂಗ್ರಹಾಲಯ ಮಾತ್ರ ಗಣೇಶನ ಹಬ್ಬ, ದೀಪಾವಳಿ ಬಿಟ್ಟರೆ ವರ್ಷವಿಡೀ ತೆರೆದಿರುತ್ತದೆ. ಗೋಡೆಗೆ ಗೋಡೆ ತಾಗಿದ್ದರೂ ಈ ರೋಗ ಆ ಕಡೆಗೆ ಹರಡಿಲ್ಲ, ಈ ಕಡೆಗೆ ಔಷಧವೂ ಬಂದಿಲ್ಲ. ಇನ್ನು ವಿಧಾನಸೌಧದಲ್ಲಿ ಎಲ್ಲವೂ ತಿರುವುಮುರುವು. 2025ರ ಜೂನ್‌ನಲ್ಲಿ 50 ರೂಪಾಯಿ ಟಿಕೆಟ್ಟಿನ ಮೇಲೆ ಆರಂಭಿಸಿದ ಒಳಗಿನ ವೀಕ್ಷಣೆಗೆ ಗೊತ್ತುಮಾಡಿದ್ದು ಭಾನುವಾರಗಳು, ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು, ಅಂದರೆ ಕಚೇರಿಗೆ ರಜೆಯಿರುವ ದಿನಗಳು. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ನೆತ್ತಿಯ ಮೇಲೆ ಕೆತ್ತಿಸಿಕೊಂಡ ಕಟ್ಟಡದಲ್ಲಿ ದೇವರು ಊರಲ್ಲಿಲ್ಲದ ದಿನ ನೋಡಿಯೇ ಗರ್ಭಗುಡಿ ತೆರೆಯುವ ಈ ಸಂಪ್ರದಾಯ ಯಾವ ಆಗಮಶಾಸ್ತ್ರದ್ದೋ ಬಲ್ಲವರು ಹೇಳಬೇಕು.

ಮೊನ್ನೆ ಭಾವ ಮತ್ತೆ ಡೈರಿ ಹಿಡಿದು ಬಂದರು. ಅಕ್ಕ ಕಾಫಿ ತಂದಿಟ್ಟು, ಚಿತ್ರಾನ್ನದ ಪೊಟ್ಟಣ ಎರಡು ದಿನ ಬರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ನಿಂತಿದ್ದಳು. ಪಟ್ಟಿ ಮೊದಲಿನಂತೆಯೇ ಶನಿವಾರದ ರೈಲಿನಿಂದ ಶುರುವಾಗಿತ್ತು, ಸೋಮವಾರದ ಕಾಲಂ ಮಾತ್ರ ಖಾಲಿ ಇತ್ತು.

“ಅಲ್ಲ ಕಣೋ, ಸೋಮವಾರ ಇಂಡಿಯಾ ಗೇಟಾದರೂ ತೆಗೆದಿರುತ್ತೋ ಇಲ್ಲವೋ?” ಎಂದು ಕೇಳಿದರು.

“ತೆಗೆದಿರುತ್ತೆ ಭಾವ. ಹೆಸರಿಗಷ್ಟೇ ಗೇಟು, ಬಾಗಿಲಿಲ್ಲ. ಮುಚ್ಚೋಣ ಅಂದರೂ ಆಗುವುದಿಲ್ಲ.”

ಭಾವ ಕಾಫಿಯ ಲೋಟವನ್ನು ಕೆಳಗಿಟ್ಟು ಪೆನ್ನಿನ ಕ್ಯಾಪು ತೆಗೆದರು.

“ಹಾಗಾದರೆ ಈ ಶನಿವಾರಕ್ಕೇ ಟಿಕೆಟ್ ತೆಗೆಸು. ಬಾಗಿಲು ಇಡಿಸುವುದರೊಳಗೆ ನೋಡಿಕೊಂಡು ಬಂದುಬಿಡೋಣ.”