ಸೋತವರು ಸಭೆಯಲ್ಲಿ, ಗೆದ್ದವರು ಮನೆಯಲ್ಲಿ

ಚುನಾವಣೆಯಲ್ಲಿ ಗೆದ್ದವರನ್ನು ಕೂಡಲೇ ಸಭೆಗೆ ಕರೆದು ಕೂರಿಸಬೇಕೆಂಬುದು ತಾಳ್ಮೆಯಿಲ್ಲದ ಜನ ಮಾಡಿಕೊಂಡ ಏರ್ಪಾಡು. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಕಾಂಗ್ರೆಸ್ಸಿಗೆ, ಎಂದರೆ ಪ್ರತಿನಿಧಿ ಸಭೆ ಮತ್ತು ಸೆನೆಟ್ ಎಂಬ ಎರಡು ಸದನಗಳುಳ್ಳ ಆ ದೇಶದ ಸಂಸತ್ತಿಗೆ, ಅಂಥ ಆತುರವೇನೂ ಇರಲಿಲ್ಲ. ಮತದಾರರು ಸಾಮಾನ್ಯವಾಗಿ ನವೆಂಬರಿನಲ್ಲಿ ತಮ್ಮ ಪ್ರತಿನಿಧಿಯನ್ನು ಆರಿಸುತ್ತಿದ್ದರು. ಅವನ ಅವಧಿ ಮುಂದಿನ ಮಾರ್ಚ್ 4ರಂದು ಆರಂಭವಾಗುತ್ತಿತ್ತು. ಆದರೆ ಸಂವಿಧಾನವು ವಾರ್ಷಿಕ ಅಧಿವೇಶನಕ್ಕೆ ಗೊತ್ತುಮಾಡಿದ್ದ ದಿನ ಡಿಸೆಂಬರಿನ ಮೊದಲ ಸೋಮವಾರವಾಗಿದ್ದುದರಿಂದ, ಅಧ್ಯಕ್ಷರು ವಿಶೇಷ ಅಧಿವೇಶನ ಕರೆಯದ ಹೊರತು, ಅವನು ಸಭೆಯ ಮೆಟ್ಟಿಲು ಹತ್ತುವ ವೇಳೆಗೆ ಗೆದ್ದು ಹದಿಮೂರು ತಿಂಗಳು ಕಳೆದಿರುತ್ತಿತ್ತು. ಎರಡು ವರ್ಷದ ಅವಧಿಯಲ್ಲಿ ಒಂಬತ್ತು ತಿಂಗಳು ಹೀಗೆ ಸಂದ ಮೇಲೆ ಒಂದು ದೀರ್ಘ ಅಧಿವೇಶನ ನಡೆಯುತ್ತಿತ್ತು, ಅದರ ಬೆನ್ನಿಗೇ ಮುಂದಿನ ಚುನಾವಣೆ ಬರುತ್ತಿತ್ತು. ಅದರಲ್ಲಿ ಸೋತವನು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೊರಡುತ್ತಿದ್ದನೆಂದು ಯಾರಾದರೂ ಭಾವಿಸಿದರೆ ಅವರಿಗೆ ಈ ಸಂಸ್ಥೆಯ ಪರಿಚಯ ಸಾಲದು. ಸೋತವನು ಡಿಸೆಂಬರಿನಲ್ಲಿ ಮತ್ತೆ ವಾಷಿಂಗ್ಟನ್ನಿಗೆ ಬಂದು, ಮಾರ್ಚ್‌ವರೆಗೆ ಮೂರು ತಿಂಗಳ ಕಾಲ ದೇಶಕ್ಕೆ ಕಾನೂನು ಮಾಡಿಕೊಡುತ್ತಿದ್ದ. ಅವನನ್ನು ಸೋಲಿಸಿದವನು ಆ ಮೂರು ತಿಂಗಳು ತನ್ನ ಊರಿನಲ್ಲಿ ಕುಳಿತು, ಸಭೆಯಲ್ಲಿ ಏನು ನಡೆಯುತ್ತಿದೆಯೆಂಬುದನ್ನು ಉಳಿದ ಪ್ರಜೆಗಳಂತೆಯೇ ಪತ್ರಿಕೆಯಲ್ಲಿ ಓದಿ ತಿಳಿದುಕೊಳ್ಳುತ್ತಿದ್ದ.

ಮಾರ್ಚ್ 4 ಎಂಬ ದಿನಾಂಕವನ್ನು ಯಾವ ಋಷಿಯೂ ತಪಸ್ಸು ಮಾಡಿ ಕಂಡದ್ದಲ್ಲ. ಹೊಸ ಸಂವಿಧಾನದ ಸರ್ಕಾರವು 1789ರ ಮಾರ್ಚ್ ತಿಂಗಳ ಮೊದಲ ಬುಧವಾರ ಆರಂಭವಾಗಲಿ ಎಂದು ಹಳೆಯ ಒಕ್ಕೂಟದ ಸಭೆ ನಿರ್ಣಯಿಸಿತ್ತು, ಆ ಬುಧವಾರ ನಾಲ್ಕನೆಯ ತಾರೀಖಿನಂದು ಬಂದಿತ್ತು. ಅಂದು ಸಭೆ ಸೇರಲು ಬೇಕಾದಷ್ಟು ಸದಸ್ಯರೂ ಬಂದಿರಲಿಲ್ಲ. ಪ್ರತಿನಿಧಿ ಸಭೆಗೆ ಕೋರಂ ದೊರೆತದ್ದು ಏಪ್ರಿಲ್ 1ರಂದು, ಸೆನೆಟ್‌ಗೆ ಏಪ್ರಿಲ್ 6ರಂದು. ಯಾರೂ ಸರಿಯಾಗಿ ಹಾಜರಾಗದ ಆ ದಿನವನ್ನೇ ಮುಂದಿನ 144 ವರ್ಷ ಸಮಸ್ತ ಸದಸ್ಯರ ಅವಧಿಯ ಆದಿ ಮತ್ತು ಅಂತ್ಯವನ್ನಾಗಿ ಕಾಪಾಡಿಕೊಂಡು ಬರಲಾಯಿತು.

ಸೋತವರ ಅಧಿವೇಶನದಿಂದ ಏನು ಪ್ರಯೋಜನ ಎಂದು ಕೇಳುವವರು 1816ರ ಪ್ರಸಂಗವನ್ನು ನೋಡಬೇಕು. ಅಲ್ಲಿಯವರೆಗೆ ಸದಸ್ಯರಿಗೆ ದಿನಕ್ಕೆ 6 ಡಾಲರ್ ಭತ್ಯೆ ಸಿಗುತ್ತಿತ್ತು. ದಿನಗೂಲಿ ಕೊಟ್ಟರೆ ಸಭೆ ವೃಥಾ ಬೆಳೆಯುತ್ತದೆ, ವರ್ಷಕ್ಕೆ ಇಂತಿಷ್ಟೆಂದು ಗೊತ್ತುಮಾಡಿದರೆ ಕೆಲಸ ಬೇಗ ಮುಗಿಯುತ್ತದೆ ಎಂಬ ಘನವಾದ ತರ್ಕವನ್ನು ಮುಂದಿಟ್ಟು ಅವರು ತಮಗೆ ವರ್ಷಕ್ಕೆ 1,500 ಡಾಲರ್ ಗೊತ್ತುಮಾಡಿಕೊಂಡರು. ಮತದಾರರು ಕೆರಳಿದರು. ಪ್ರತಿನಿಧಿ ಸಭೆಯ ಸುಮಾರು ಮೂರರಲ್ಲಿ ಎರಡು ಪಾಲು ಸದಸ್ಯರು ಮರಳಿ ಬರಲಿಲ್ಲ. ಕೆಲವರು ಸೋತರು, ಕೆಲವರು ಗಾಳಿ ಬೀಸುವ ದಿಕ್ಕು ನೋಡಿ ಸ್ಪರ್ಧಿಸಲೇ ಇಲ್ಲ. ಮರಳಿ ಬರಲಿಲ್ಲವೆಂದರೆ ಮುಂದಿನ ಸಭೆಗೆ ಬರಲಿಲ್ಲವೆಂದು ಅರ್ಥ, ಆ ವರ್ಷದ ಡಿಸೆಂಬರಿಗೆ ಅವರೆಲ್ಲರೂ ತಪ್ಪದೆ ಬಂದರು. ಬಂದು, ಜನಾಭಿಪ್ರಾಯಕ್ಕೆ ತಲೆಬಾಗಿ, 1817ರ ಫೆಬ್ರವರಿಯಲ್ಲಿ ಆ ಕಾನೂನನ್ನು ರದ್ದು ಮಾಡಿದರು. ರದ್ದತಿ ಜಾರಿಗೆ ಬರುವುದು ಪ್ರಸಕ್ತ ಅಧಿವೇಶನ ಮುಗಿದ ಮೇಲೆ ಎಂದು ಮಸೂದೆಯ ಶೀರ್ಷಿಕೆಯಲ್ಲಿಯೇ ಬರೆದಿದ್ದರು. ಹೀಗೆ ಹೆಚ್ಚಿದ ಸಂಬಳ ತಮಗೂ ಪಶ್ಚಾತ್ತಾಪದ ಫಲ ತಮ್ಮನ್ನು ಸೋಲಿಸಿದವರಿಗೂ ಸಲ್ಲುವಂತೆ ನೋಡಿಕೊಂಡರು. ಸಂಬಳದ ದುರಾಸೆಯನ್ನು ಖಂಡಿಸಿ ಗೆದ್ದುಬಂದ ಹೊಸಬರು 1818ರಲ್ಲಿ ದಿನಭತ್ಯೆಗೆ ಹಿಂತಿರುಗಿದರು. ಆದರೆ 6 ಡಾಲರಿಗಲ್ಲ, 8 ಡಾಲರಿಗೆ.

ಪಾಠ ಕಲಿತವರು ಕಲಿತೇ ಇದ್ದರು. 1873ರ ಮಾರ್ಚ್ 3ರಂದು, ಎಂದರೆ ಅವಧಿಯ ಕಟ್ಟಕಡೆಯ ದಿನ, ಕಾಂಗ್ರೆಸ್ಸು ತನ್ನ ಸದಸ್ಯರ ಸಂಬಳವನ್ನು 5,000ದಿಂದ 7,500 ಡಾಲರಿಗೆ ಏರಿಸಿತು. ಏರಿಕೆ ಎಂದಿನಿಂದ? ಎರಡು ವರ್ಷ ಹಿಂದಿನಿಂದ. ಮರುದಿನ ಮನೆಗೆ ಹೊರಡಬೇಕಾದ ಸೋತ ಸದಸ್ಯನ ಕೈಗೂ ಇದರಿಂದ 5,000 ಡಾಲರ್ ಬಂತು. ಅಧ್ಯಕ್ಷರಿಗೆ ಬೇಸರವಾಗದಿರಲೆಂದು ಅವರ ಸಂಬಳವನ್ನೂ ಅದೇ ಕಾನೂನಿನಲ್ಲಿ ಇಮ್ಮಡಿಗೊಳಿಸಲಾಗಿತ್ತು. ಜನ ಛೀಮಾರಿ ಹಾಕಿದ ಮೇಲೆ 1874ರ ಜನವರಿಯಲ್ಲಿ ಸದಸ್ಯರ ಏರಿಕೆ ರದ್ದಾಯಿತು, ಕೆಲವರು ಹಣವನ್ನು ಖಜಾನೆಗೆ ಹಿಂದಿರುಗಿಸಿದರು. ಅಧ್ಯಕ್ಷರ ಏರಿಕೆ ಮಾತ್ರ ಉಳಿಯಿತು.

ಸಂಬಳಕ್ಕಿಂತ ಸೊಗಸಾದದ್ದು ಪ್ರಯಾಣ ಭತ್ಯೆ. ಸರ್ಕಾರಿ ಕಚೇರಿಯಲ್ಲಿ ಟಿ.ಎ. ಬಿಲ್ ಬರೆದ ಅನುಭವವುಳ್ಳ ಓದುಗರು ಈ ಭಾಗವನ್ನು ಗೌರವದಿಂದ ಓದಬೇಕೆಂದು ಕೋರುತ್ತೇನೆ. ಪ್ರತಿ 20 ಮೈಲಿಗೆ 8 ಡಾಲರ್, ಹೋಗಲೂ ಬರಲೂ. ದೂರವನ್ನು ಸಾಮಾನ್ಯವಾಗಿ ಸಂಚರಿಸುವ ಮಾರ್ಗದಲ್ಲಿ ಅಳೆಯಬೇಕೆಂಬುದು ನಿಯಮ. ಉಗಿಹಡಗು ಮತ್ತು ರೈಲು ಬಂದ ಮೇಲೆ ಸುತ್ತುದಾರಿಯೇ ಸುಖದ ದಾರಿಯಾಯಿತು, ಸುಖದ ದಾರಿಯೇ ಸಾಮಾನ್ಯ ಮಾರ್ಗವಾಯಿತು. ಹೀಗಾಗಿ ವಿಜ್ಞಾನ ಮುಂದುವರಿದು ವಾಷಿಂಗ್ಟನ್ ಹತ್ತಿರವಾದಷ್ಟೂ ಬಿಲ್ಲಿನಲ್ಲಿ ಅದು ದೂರ ಸರಿಯುತ್ತಾ ಹೋಯಿತು. 1848ರ ಡಿಸೆಂಬರಿನಲ್ಲಿ, ತೆರವಾದ ಒಂದು ಸ್ಥಾನಕ್ಕೆ ಮೂರು ತಿಂಗಳ ಮಟ್ಟಿಗೆ ಬಂದಿದ್ದ ಪತ್ರಿಕಾ ಸಂಪಾದಕ ಹೊರೇಸ್ ಗ್ರೀಲಿ, ಪ್ರತಿ ಸದಸ್ಯನೂ ಪಡೆದ ಮೈಲಿಗಳನ್ನೂ ಅಂಚೆಯ ಹತ್ತಿರದ ಮಾರ್ಗದ ಮೈಲಿಗಳನ್ನೂ ಅಕ್ಕಪಕ್ಕದಲ್ಲಿಟ್ಟು ತಮ್ಮ ‘ನ್ಯೂಯಾರ್ಕ್ ಟ್ರಿಬ್ಯೂನ್’ನಲ್ಲಿ ಅಚ್ಚು ಹಾಕಿಬಿಟ್ಟರು. ಸಹಸದಸ್ಯರಿಗೆ ಬಂದ ಸಿಟ್ಟು, ಮೈಲಿ ಹೆಚ್ಚಾಯಿತೆಂದಲ್ಲ, ಅಚ್ಚಾಯಿತೆಂದು. ಆ ಪಟ್ಟಿಯಲ್ಲಿ ಇಲಿನಾಯ್‌ನ ಸದಸ್ಯರೊಬ್ಬರ ದಾರಿ ಅಂಚೆಯವರ ಲೆಕ್ಕದಲ್ಲಿ 780 ಮೈಲಿ, ಅವರ ಲೆಕ್ಕದಲ್ಲಿ 1,626 ಮೈಲಿ. ಹೋಗಿಬರುವ ಹೆಚ್ಚುವರಿ 676 ಡಾಲರ್ 80 ಸೆಂಟ್. ಅವರ ಹೆಸರು ಅಬ್ರಹಾಂ ಲಿಂಕನ್. ಅವರು ಕಾನೂನನ್ನು ಮುರಿದಿರಲಿಲ್ಲ. ಮುರಿಯುವ ಅಗತ್ಯವೇ ಬಾರದಂತೆ ಕಾನೂನು ವಿಶಾಲವಾಗಿತ್ತು, ಗ್ರೀಲಿಯವರ ದೂರೂ ಅದೇ ಆಗಿತ್ತು.

ಲಿಂಕನ್ನರ ಹೆಸರು ಬಂದದ್ದರಿಂದ ಇನ್ನೊಂದು ಮಾತು. ಅವರು ಗೆದ್ದದ್ದು 1846ರ ಆಗಸ್ಟಿನಲ್ಲಿ, ಮೆಕ್ಸಿಕೋ ಯುದ್ಧ ಆಗತಾನೇ ಆರಂಭವಾಗಿದ್ದಾಗ. ಸಭೆಯಲ್ಲಿ ಕುಳಿತದ್ದು 1847ರ ಡಿಸೆಂಬರಿನಲ್ಲಿ, ಮೆಕ್ಸಿಕೋ ನಗರವೇ ಅಮೆರಿಕದ ವಶವಾಗಿ ಮೂರು ತಿಂಗಳು ಕಳೆದ ಮೇಲೆ. ಮೊದಲ ರಕ್ತ ಚೆಲ್ಲಿದ ಜಾಗ ನಿಜವಾಗಿ ಯಾರ ನೆಲದ್ದೆಂದು ತೋರಿಸಿ ಎಂದು ಅವರು ಅಧ್ಯಕ್ಷ ಪೋಕ್ ಅವರನ್ನು ನಿರ್ಣಯಗಳ ಮೂಲಕ ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸವನ್ನು ಅಲ್ಲಿ ಪಂಚಾಂಗವೇ ಸದಸ್ಯರಿಗೆ ವಹಿಸಿಕೊಟ್ಟಿತ್ತು.

ಸೆನೆಟರುಗಳು ಈ ಕಲೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿದ್ದರು. ಹೊಸ ಅಧ್ಯಕ್ಷರು ಬಂದಾಗ ನೇಮಕಗಳನ್ನು ಅನುಮೋದಿಸಲು ಸೆನೆಟ್ಟಿನ ವಿಶೇಷ ಅಧಿವೇಶನ ಹಳೆಯದರ ಬೆನ್ನಿಗೇ ಕೂಡುತ್ತಿತ್ತು. ಒಂದು ಅಧಿವೇಶನ ಮುಗಿದು ಇನ್ನೊಂದು ಆರಂಭವಾದುದರಿಂದ ತಾವು ನಡುವೆ ಊರಿಗೆ ಹೋಗಿಬಂದಂತೆಯೇ ಲೆಕ್ಕವೆಂದು ಹೇಳಿ, ವಾಷಿಂಗ್ಟನ್ ಬಿಟ್ಟು ಕದಲದ ಸೆನೆಟರುಗಳೂ ನೂರಾರು ಮೈಲಿಗಳ ಭತ್ಯೆಯನ್ನು ಪಡೆಯುತ್ತಿದ್ದರು. 1849ರಲ್ಲಿ ಮಾರ್ಚ್ 4 ಭಾನುವಾರ ಬಿದ್ದಾಗ ಹೊಸ ಅಧ್ಯಕ್ಷ ಟೇಲರ್ ಪ್ರಮಾಣವಚನವನ್ನು ಸೋಮವಾರಕ್ಕೆ ಇಟ್ಟುಕೊಂಡರು. ನಡುವಿನ ಒಂದು ದಿನ ದೇಶದ ಅಧ್ಯಕ್ಷತೆ ಸೆನೆಟ್ಟಿನ ಹಂಗಾಮಿ ಸಭಾಪತಿ ಡೇವಿಡ್ ರೈಸ್ ಆಚಿಸನ್ ಅವರಿಗೆ ಬಂದಿತ್ತೆಂಬ ಕಥೆ ಹುಟ್ಟಿತು. ಅವರ ಸ್ವಂತ ಅವಧಿಯೇ ಅಂದು ಮುಗಿದಿದ್ದುದರಿಂದ ಕಥೆಗೆ ಕಾಲಿಲ್ಲ. ಆದರೂ ಆ ದಿನದ ಬಹುಪಾಲನ್ನು ನಿದ್ದೆಯಲ್ಲಿ ಕಳೆದೆನೆಂದು ಅವರು ಮುಂದೆ ಹೇಳಿಕೊಂಡಿದ್ದನ್ನು ನೋಡಿದರೆ, ಆ ಶತಮಾನದ ಹಲವು ಅಧ್ಯಕ್ಷರಿಗಿಂತ ಅವರು ದೇಶಕ್ಕೆ ಕಡಿಮೆ ಹಾನಿ ಮಾಡಿದರೆಂದು ಒಪ್ಪಬೇಕಾಗುತ್ತದೆ.

ಕಾಲವನ್ನೇ ನಿಲ್ಲಿಸುವ ಸಿದ್ಧಿಯೂ ಈ ಸಭೆಗೆ ಒಲಿದಿತ್ತು. ಕೊನೆಯ ದಿನದ ಮಧ್ಯಾಹ್ನ ಹನ್ನೆರಡಾದೊಡನೆ ಅವಧಿ ಮುಗಿದು ಉಳಿದ ಮಸೂದೆಗಳೆಲ್ಲ ಸಾಯಬೇಕು. ಬಾಲಕನಾಗಿ 1831ರಲ್ಲಿ ಸೆನೆಟ್ ಸೇವೆಗೆ ಸೇರಿ ಅಲ್ಲಿಯೇ ಗಡ್ಡ ಬಿಳಿಯಾದ ದ್ವಾರಪಾಲಕ ಐಸಾಕ್ ಬ್ಯಾಸೆಟ್ ಅವರು ಉದ್ದನೆಯ ಕೋಲು ಹಿಡಿದು ಗೋಡೆ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಳ್ಳುತ್ತಿದ್ದರು, ಶಾಸನಕರ್ತರು ಅದನ್ನು ನೋಡದಂತೆ ಶಾಸನ ಮುಂದುವರಿಸುತ್ತಿದ್ದರು.

ಇಷ್ಟು ಹೊತ್ತಿನ ನಗೆ 1860ರ ಚಳಿಗಾಲದಲ್ಲಿ ಉಳಿಯುವುದಿಲ್ಲ. ಲಿಂಕನ್ ಅಧ್ಯಕ್ಷರಾಗಿ ಗೆದ್ದಿದ್ದರು, ಅಧಿಕಾರಕ್ಕೆ ಬರಲು ಮಾರ್ಚ್‌ವರೆಗೆ ಕಾಯಬೇಕಿತ್ತು. ಸಭೆಯಲ್ಲಿ ಹಳೆಯ ಕಾಂಗ್ರೆಸ್ಸೇ ಕುಳಿತಿತ್ತು. ಒಂದೊಂದೇ ದಕ್ಷಿಣದ ರಾಜ್ಯ ಒಕ್ಕೂಟ ಬಿಟ್ಟು ಹೊರಡುತ್ತಿತ್ತು. ಆ ಕಾಂಗ್ರೆಸ್ಸು 1861ರ ಮಾರ್ಚ್ 4ರ ಬೆಳಗಿನ ಜಾವದವರೆಗೂ ಎಚ್ಚರವಿದ್ದು ಅಂಗೀಕರಿಸಿದ್ದು, ರಾಜ್ಯಗಳಲ್ಲಿರುವ ಗುಲಾಮಗಿರಿಯನ್ನು ಒಕ್ಕೂಟ ಎಂದೆಂದಿಗೂ ಮುಟ್ಟಬಾರದೆಂಬ ತಿದ್ದುಪಡಿಯನ್ನು. ಊರ್ಜಿತವಾಗಿದ್ದರೆ ಅದು ಸಂವಿಧಾನದ ಹದಿಮೂರನೆಯ ತಿದ್ದುಪಡಿಯಾಗುತ್ತಿತ್ತು. ಸಾಕಷ್ಟು ರಾಜ್ಯಗಳು ಒಪ್ಪದೆ ಅದು ಇಂದಿಗೂ ತಾಂತ್ರಿಕವಾಗಿ ವಿಚಾರಣೆಯಲ್ಲಿಯೇ ಇದೆ. ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಫಿರಂಗಿ ಹಾರಿ ಅಂತರ್ಯುದ್ಧ ಆರಂಭವಾದಾಗ ದೇಶದಲ್ಲಿ ಯಾವ ಕಾಂಗ್ರೆಸ್ಸೂ ಕೂಡಿರಲಿಲ್ಲ, ಕೆಲವು ರಾಜ್ಯಗಳು ತಮ್ಮ ಪ್ರತಿನಿಧಿಗಳನ್ನು ಆರಿಸಿಯೂ ಇರಲಿಲ್ಲ. ವಿಶೇಷ ಅಧಿವೇಶನ ಕೂಡಿದ್ದು ಜುಲೈ 4ರಂದು. ನ್ಯಾಯವಾಗಿ ಹೇಳಬೇಕಾದರೆ, ಗುಲಾಮಗಿರಿಯನ್ನು ತೊಡೆದುಹಾಕಿದ ನಿಜವಾದ ಹದಿಮೂರನೆಯ ತಿದ್ದುಪಡಿಯನ್ನು 1865ರ ಜನವರಿ 31ರಂದು ಪ್ರತಿನಿಧಿ ಸಭೆ ಅಂಗೀಕರಿಸಿದ್ದೂ ಸೋತವರ ಅಧಿವೇಶನದಲ್ಲಿಯೇ. ಇನ್ನು ಕಳೆದುಕೊಳ್ಳಲು ಏನೂ ಇಲ್ಲದ ಕೆಲವು ವಿರೋಧ ಪಕ್ಷದವರು ಆ ದಿನ ತಮ್ಮ ಮನಸ್ಸಾಕ್ಷಿಗೆ ಮತ ಹಾಕಿದರು. ಮನಸ್ಸಾಕ್ಷಿ ಎಚ್ಚರಗೊಳ್ಳಲು ಮೊದಲು ಚುನಾವಣೆ ಸೋಲಬೇಕಾಯಿತೆಂಬುದು ಬೇರೆ ಮಾತು.

ಆ ಸಭೆಯ ಅತ್ಯಂತ ನಿಷ್ಠಾವಂತ ಹಾಜರಿ ಒಳಗೆ ಕಾಲಿಡಲಾಗದವರದ್ದು. ಅಂತರ್ಯುದ್ಧದವರೆಗೆ ಪ್ರತಿನಿಧಿಗಳ ಸಂಖ್ಯೆ ಹಂಚುವಾಗ ಒಬ್ಬ ಗುಲಾಮನನ್ನು ಐದರಲ್ಲಿ ಮೂರು ಪಾಲು ಮನುಷ್ಯನೆಂದು ಎಣಿಸಲಾಗುತ್ತಿತ್ತು. ಆ ಮೂರು ಪಾಲಿನಿಂದ ಹೆಚ್ಚಿದ ಪೀಠಗಳಲ್ಲಿ ಅವನ ಒಡೆಯರು ಕೂರುತ್ತಿದ್ದರು. ಅವನ ಪರವಾಗಿ ಬಂದ ಅರ್ಜಿಗಳನ್ನು ಓದದೆಯೇ ಬದಿಗಿಡಬೇಕೆಂಬ ನಿಯಮವನ್ನು ಪ್ರತಿನಿಧಿ ಸಭೆ 1836ರಿಂದ 1844ರವರೆಗೆ ಪಾಲಿಸಿತು, ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಮುದಿವಯಸ್ಸಿನಲ್ಲಿ ಅದರ ವಿರುದ್ಧ ಸೆಣಸಿದರು. ಬಿಡುಗಡೆಯಾದ ಮೇಲೆ ಆ ಮನುಷ್ಯನನ್ನು ಪೂರ್ಣವಾಗಿ ಎಣಿಸತೊಡಗಿದರು, ಆದ್ದರಿಂದ ದಕ್ಷಿಣದ ಪೀಠಗಳು ಇನ್ನಷ್ಟು ಹೆಚ್ಚಿದವು. ಶತಮಾನ ಮುಗಿಯುವ ಹೊತ್ತಿಗೆ ಮತತೆರಿಗೆ, ಅಕ್ಷರಪರೀಕ್ಷೆಗಳಿಂದ ಅವನ ಮತವನ್ನು ಮಾತ್ರ ಕಿತ್ತುಕೊಳ್ಳಲಾಗಿತ್ತು. 1901ರ ಮಾರ್ಚ್‌ನಲ್ಲಿ ಉಳಿದಿದ್ದ ಏಕೈಕ ಕಪ್ಪು ಸದಸ್ಯ ಜಾರ್ಜ್ ಹೆನ್ರಿ ವೈಟ್ ಹೊರನಡೆದ ಮೇಲೆ 1929ರವರೆಗೆ ಕಾಂಗ್ರೆಸ್ಸಿನಲ್ಲಿ ಒಬ್ಬ ಕಪ್ಪು ಸದಸ್ಯರೂ ಇರಲಿಲ್ಲ.

ಹೊರಗಿನವರನ್ನು ಇಷ್ಟು ಉದಾರವಾಗಿ ಎಣಿಸಿದವರಿಗೆ ಒಳಗಿನವರನ್ನು ಎಣಿಸುವುದು ಬಲು ಕಷ್ಟವಾಗಿತ್ತು. ಹೆಸರು ಕೂಗಿದಾಗ ವಿರೋಧ ಪಕ್ಷದವರು ತಮ್ಮ ಕುರ್ಚಿಗಳಲ್ಲಿಯೇ ಮೌನವಾಗಿ ಕುಳಿತಿರುತ್ತಿದ್ದರು. ಉತ್ತರಿಸದವನು ಗೈರುಹಾಜರೆಂಬುದು ಸಂಪ್ರದಾಯವಾದ್ದರಿಂದ, ತುಂಬಿದ ಸಭೆಯಲ್ಲಿ ಕೋರಂ ಇಲ್ಲವೆಂದು ದಾಖಲಾಗುತ್ತಿತ್ತು. 1890ರ ಜನವರಿ 29ರಂದು ಸ್ಪೀಕರ್ ಥಾಮಸ್ ರೀಡ್ ಮೌನಿಗಳ ಹೆಸರನ್ನೂ ಓದಿ ಹಾಜರಿ ಹಾಕಿಸತೊಡಗಿದರು. ಕೆಂಟಕಿಯ ಮೆಕ್‌ಕ್ರೀರಿ ಎದ್ದುನಿಂತು, ತನ್ನನ್ನು ಹಾಜರೆಂದು ಎಣಿಸುವ ಹಕ್ಕು ಸ್ಪೀಕರಿಗಿಲ್ಲವೆಂದು ಗುಡುಗಿದರು. ಸದಸ್ಯರು ಇಲ್ಲಿದ್ದಾರೆಂಬ ಸಂಗತಿಯನ್ನಷ್ಟೇ ಹೇಳುತ್ತಿದ್ದೇನೆ, ಅದನ್ನು ಅವರು ನಿರಾಕರಿಸುತ್ತಾರೆಯೇ ಎಂದು ರೀಡ್ ಕೇಳಿದರು. ಅಲ್ಲಿಂದ ಮುಂದೆ ಗೈರುಹಾಜರಾಗಬೇಕಾದವರು ಮೇಜಿನ ಕೆಳಗೆ ಅವಿತರು. ಟೆಕ್ಸಾಸಿನ ಕಿಲ್ಗೋರ್ ಮುಚ್ಚಿದ ಬಾಗಿಲನ್ನು ಒದ್ದು ಹೊರನಡೆದು ಹೆಸರಾದರು. ಹತ್ತು ವರ್ಷ ಹಿಂದೆ ತಾವು ವಿರೋಧದಲ್ಲಿದ್ದಾಗ ಇದೇ ರೀಡ್ ಮೌನಿಗಳ ಹಕ್ಕನ್ನು ಎತ್ತಿಹಿಡಿದಿದ್ದರು. 1894ರಲ್ಲಿ, ಅಷ್ಟರಲ್ಲಿ ಬಹುಮತಕ್ಕೆ ಬಂದಿದ್ದ ಪ್ರತಿಪಕ್ಷದವರು, ರೀಡ್ ಅವರ ಮೌನವನ್ನು ತಾಳಲಾರದೆ, ತಾವೇ ಸರ್ವಾಧಿಕಾರವೆಂದು ಜರೆದಿದ್ದ ನಿಯಮವನ್ನು ಜಾರಿಗೆ ತಂದರು.

ಸೋತವರ ಅಧಿವೇಶನಕ್ಕೆ ಕೊನೆ ಹಾಡಲು ನೆಬ್ರಾಸ್ಕಾದ ಸೆನೆಟರ್ ಜಾರ್ಜ್ ನಾರಿಸ್ ಇಪ್ಪತ್ತನೆಯ ಶತಮಾನದಲ್ಲಿ ವರ್ಷಗಟ್ಟಲೆ ಹೋರಾಡಬೇಕಾಯಿತು. ಸೆನೆಟ್ ಮತ್ತೆ ಮತ್ತೆ ಒಪ್ಪಿದರೂ ಪ್ರತಿನಿಧಿ ಸಭೆ ಒಪ್ಪಿದ್ದು 1932ರಲ್ಲಿ. ಇಪ್ಪತ್ತನೆಯ ತಿದ್ದುಪಡಿಗೆ ರಾಜ್ಯಗಳ ಅನುಮೋದನೆ 1933ರ ಜನವರಿ 23ರಂದು ಪೂರ್ಣವಾಯಿತು. ದೇಶದ ಬ್ಯಾಂಕುಗಳು ಒಂದರ ಹಿಂದೊಂದು ಬಾಗಿಲು ಮುಚ್ಚುತ್ತಿದ್ದ ತಿಂಗಳುಗಳು ಅವು. ಆದರೆ ಅವಧಿಯ ದಿನಾಂಕಗಳನ್ನು ಬದಲಿಸುವ ವಿಧಿಗಳು ಅನುಮೋದನೆಯ ನಂತರದ ಅಕ್ಟೋಬರ್ 15ರಿಂದ ಜಾರಿಗೆ ಬರತಕ್ಕದ್ದೆಂದು ತಿದ್ದುಪಡಿಯಲ್ಲಿಯೇ ಬರೆದಿತ್ತು. ಆದ್ದರಿಂದ 1932ರ ನವೆಂಬರಿನಲ್ಲಿ ಸೋತವರು ಮಾರ್ಚ್ 4ರವರೆಗೆ ನಿಯಮಬದ್ಧವಾಗಿ ತಮ್ಮ ಪೀಠಗಳಲ್ಲಿ ಮುಂದುವರಿದರು.