ನ್ಯೂಟ್ರಿನೊಗೆ 1300 ಕಿ.ಮೀ. ದಾರಿ ಬೇಕೇ?

ಪರ: ಬೇಕೇ ಬೇಕು

ನ್ಯೂಟ್ರಿನೊ ಅಂದರೆ ಬಂಡೆಯನ್ನೂ ಸಲೀಸಾಗಿ ತೂರಿಹೋಗುವ ಅತಿ ಹಗುರ ಕಣ. ಅಮೆರಿಕದ ಡ್ಯೂನ್ ಪ್ರಯೋಗದಲ್ಲಿ ಶಿಕಾಗೋ ಹತ್ತಿರದ ಫರ್ಮಿಲ್ಯಾಬ್ ಪ್ರಯೋಗಾಲಯದಿಂದ ಹೊರಟ ನ್ಯೂಟ್ರಿನೊಗಳು ನೆಲದೊಳಗೇ 1300 ಕಿ.ಮೀ. ಸಾಗಿ ಸೌತ್ ಡಕೋಟಾದ ಹಳೇ ಹೋಮ್‌ಸ್ಟೇಕ್ ಚಿನ್ನದ ಗಣಿಯನ್ನು ತಲುಪಬೇಕು. ಅದಕ್ಕೆ ಉದ್ದದ ಸುರಂಗವೇನೂ ಬೇಡ. ಕಿರಣವನ್ನು ಸುಮಾರು 6 ಡಿಗ್ರಿ ಕೆಳಕ್ಕೆ ಬಾಗಿಸಿ ಬಿಟ್ಟರೆ ಸಾಕು, ನಡುದಾರಿಯಲ್ಲಿ ಅದು 30 ಕಿ.ಮೀ.ಗೂ ಜಾಸ್ತಿ ಆಳದಲ್ಲಿರುತ್ತದೆ. ಅವನ್ನು ಹಿಡಿಯುವ ಡಿಟೆಕ್ಟರ್‌ನ ಜಾಗ ಒಂದೂವರೆ ಕಿ.ಮೀ. ಆಳದಲ್ಲಿ, ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಗಲಾಟೆ ತಪ್ಪಲಿ ಅಂತ. 1965ರಲ್ಲಿ ನಮ್ಮ ಕೆಜಿಎಫ್‌ನ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳ ಗುರುತು ಸಿಕ್ಕಿದ್ದೂ ಇದೇ ಕಾರಣಕ್ಕೆ.

ಆದರೆ ಇಷ್ಟು ದೂರ ಯಾಕೆ? ನ್ಯೂಟ್ರಿನೊದಲ್ಲಿ ಮೂರು ಬಗೆ. ಕಿರಣದಲ್ಲಿ ಹೊರಟ ಮ್ಯೂಆನ್ ನ್ಯೂಟ್ರಿನೊಗಳಲ್ಲಿ ಕೆಲವು ದಾರಿಯಲ್ಲಿ ಎಲೆಕ್ಟ್ರಾನ್ ನ್ಯೂಟ್ರಿನೊ ಆಗುತ್ತವೆ. ಬಂಡೆಯಲ್ಲಿ ಎಲೆಕ್ಟ್ರಾನ್ ಇದೆ, ಅದರ ಪ್ರತಿಕಣವಾದ ಪಾಸಿಟ್ರಾನ್ ಇಲ್ಲ, ಹಾಗಾಗಿ ಈ ಬದಲಾವಣೆ ನ್ಯೂಟ್ರಿನೊಗೆ ಒಂದು ಥರ, ಅದರ ಪ್ರತಿಕಣವಾದ ಪ್ರತಿನ್ಯೂಟ್ರಿನೊಗೆ ಇನ್ನೊಂದು ಥರ. ಯಾವುದಕ್ಕೆ ಜಾಸ್ತಿ ಅಂತ ನೋಡಿದರೆ, ಬೇರೆ ಬೇರೆ ಭಾರದ ಮೂರು ನ್ಯೂಟ್ರಿನೊ ಸ್ಥಿತಿಗಳಲ್ಲಿ ಮೂರನೆಯದು ಎಲ್ಲಕ್ಕಿಂತ ಭಾರವೋ ಹಗುರವೋ, ಅಂದರೆ ಭಾರದ ಕ್ರಮ, ಗೊತ್ತಾಗುತ್ತದೆ. ಇದಲ್ಲದೆ ಬಂಡೆಗೆ ಸಂಬಂಧವೇ ಇಲ್ಲದ, ಹುಟ್ಟಿನಿಂದಲೇ ಬಂದ ವ್ಯತ್ಯಾಸವೂ ಇವೆರಡರ ನಡುವೆ ಇರಬಹುದು. ಜಗತ್ತಿನಲ್ಲಿ ಪ್ರತಿದ್ರವ್ಯ ಹೋಗಿ ದ್ರವ್ಯ ಯಾಕೆ ಉಳಿಯಿತು ಅನ್ನುವುದಕ್ಕೆ ಅದು ಸುಳಿವಾಗಬಹುದು, ನನಗೆ ಮುಖ್ಯ ಅನ್ನಿಸುವುದು ಅದೇ. 810 ಕಿ.ಮೀ. ದೂರದ ನೋವಾ ಪ್ರಯೋಗದಲ್ಲಿ ಇವೆರಡೂ ಕಲಸಿಹೋಗುತ್ತವೆ. 1300ಕ್ಕೆ ಬಂದರೆ ಬಂಡೆಯ ಪಾಲು ಎಷ್ಟು ದೊಡ್ಡದೆಂದರೆ ಎರಡನ್ನೂ ಬಿಡಿಸಿ ನೋಡಬಹುದು. ಒಂದೇ ಪ್ರಯೋಗ, ಎರಡು ಉತ್ತರ.

ವಿರೋಧ: ಹತ್ತಿರವೇ ಒಳ್ಳೆಯದು

ಕಿರಣ ದೂರ ಹೋದಷ್ಟೂ ಹರಡಿಕೊಳ್ಳುತ್ತದೆ ಅಲ್ವಾ? ಅದೇ ಕಿರಣವನ್ನು 295ರ ಬದಲು 1300 ಕಿ.ಮೀ. ದೂರದಲ್ಲಿ ಹಿಡಿದರೆ ಸಿಗುವುದು ಸುಮಾರು 19ರಲ್ಲಿ ಒಂದು ಪಾಲು. 295 ಕಿ.ಮೀ. ಅಂದರೆ ಜಪಾನಿನ ಟೋಕಾಯ್‌ನಿಂದ ಕಾಮಿಯೋಕಾಕ್ಕೆ ಇರುವ ದೂರ. ಅಲ್ಲಿ 50,000 ಟನ್ ನೀರಿನ ಡಿಟೆಕ್ಟರ್ ಸೂಪರ್-ಕಾಮಿಯೋಕಾಂಡೆ ಇದೆ, 2,60,000 ಟನ್‌ನ ಹೈಪರ್-ಕಾಮಿಯೋಕಾಂಡೆ ಕಟ್ಟುತ್ತಿದ್ದಾರೆ.

ನೀರಿನಲ್ಲಿ ಕೆಲಸ ಸರಳ. ಬಡಿದ ನ್ಯೂಟ್ರಿನೊದಿಂದ ಹುಟ್ಟಿದ ಮ್ಯೂಆನ್ (ಎಲೆಕ್ಟ್ರಾನಿನಂಥದೇ, ಆದರೆ ಭಾರದ ಕಣ) ಹಾದುಹೋದರೆ ತೊಟ್ಟಿಯ ಗೋಡೆ ಮೇಲೆ ಅಂಚು ಚೊಕ್ಕವಾಗಿರುವ ಬೆಳಕಿನ ಬಳೆ ಮೂಡುತ್ತದೆ. ಎಲೆಕ್ಟ್ರಾನ್ ಆದರೆ ಬಳೆಯ ಅಂಚು ಮಸುಕು. ಅಲ್ಲಿನ ಡಿಟೆಕ್ಟರನ್ನು ಕಿರಣದ ನಡುರೇಖೆಯಿಂದ 2.5 ಡಿಗ್ರಿ ಪಕ್ಕಕ್ಕೆ ಇಟ್ಟಿರುವುದರಿಂದ ಬರುವ ನ್ಯೂಟ್ರಿನೊಗಳಲ್ಲಿ ಹೆಚ್ಚಿನವು 0.6 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಆಸುಪಾಸಿನವೇ. ಡ್ಯೂನ್‌ಗೆ ಬೇಕಾಗಿರುವುದು 2.5ರ ಸುತ್ತಮುತ್ತಲಿನ ಅಗಲವಾದ ಹರವು. ಅಷ್ಟು ಶಕ್ತಿಯ ನ್ಯೂಟ್ರಿನೊ ಡ್ಯೂನ್ ಡಿಟೆಕ್ಟರಿನ ದ್ರವ ಆರ್ಗಾನ್‌ನ ಪರಮಾಣು ಬೀಜಕ್ಕೆ ಬಡಿದಾಗ ಪಯಾನ್, ನ್ಯೂಟ್ರಾನ್‌ನಂಥ ಕಣಗಳೆಲ್ಲ ಚೆದುರುತ್ತವೆ, ನ್ಯೂಟ್ರಾನ್ ಹೊತ್ತೊಯ್ದ ಶಕ್ತಿಯ ಲೆಕ್ಕ ಕೈತಪ್ಪುತ್ತದೆ. ಶಕ್ತಿಯ ಲೆಕ್ಕ ತಪ್ಪಿದರೆ ಉಳಿದ ಲೆಕ್ಕವೂ ತಪ್ಪುತ್ತದೆ. ಮೇಲಾಗಿ ಆ ಆರ್ಗಾನನ್ನು ಮೈನಸ್ 186 ಡಿಗ್ರಿಯಲ್ಲಿ, ಒಂದೊಂದು ತೊಟ್ಟಿಗೆ 17,000 ಟನ್ ತುಂಬಿ, ವರ್ಷಗಟ್ಟಲೆ ಶುದ್ಧವಾಗಿ ಇಟ್ಟುಕೊಳ್ಳಬೇಕು.

ಹತ್ತಿರದಲ್ಲಿ ಬಂಡೆಯ ಪಾಲು ಚಿಕ್ಕದು, ಹುಟ್ಟಿನ ವ್ಯತ್ಯಾಸವನ್ನು ಹೆಚ್ಚುಕಡಿಮೆ ನೇರವಾಗಿಯೇ ನೋಡಬಹುದು. ಭಾರದ ಕ್ರಮ ಗೊತ್ತಾಗುವುದಿಲ್ಲ ಅಂತ ಆಕ್ಷೇಪ ಬರುತ್ತದೆ, ಅದು ನಿಜ. ಆದರೆ ಅದಕ್ಕೆ ಚೀನಾದ ಜುನೊ ಪ್ರಯೋಗ ಇದೆ. ಅಣು ರಿಯಾಕ್ಟರ್‌ಗಳಿಂದ ಸುಮಾರು 53 ಕಿ.ಮೀ. ದೂರದಲ್ಲಿ, ಬಂಡೆಯನ್ನು ಹೆಚ್ಚು ನೆಚ್ಚಿಕೊಳ್ಳದೆ ಆ ಕ್ರಮವನ್ನೇ ಹುಡುಕಲು 2025ರಲ್ಲಿ ಶುರುವಾಗಿದೆ. ಅಲ್ಲಿಂದ ಉತ್ತರ ಬಂದರೆ 1300 ಕಿ.ಮೀ.ಗೆ ಕೊಡುವ ದೊಡ್ಡ ಕಾರಣ ಅರ್ಧ ಕರಗುತ್ತದೆ.