ಕಡಲ ತೀರದ ಚಿಮಣಿಗೆ ಗಂಧಕ ತೊಳೆಯುವ ಯಂತ್ರ ಕಡ್ಡಾಯವಾಗಬೇಕೇ?

ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಹೊಗೆಯಲ್ಲಿ ಸಲ್ಫರ್ ಡೈಆಕ್ಸೈಡ್ ಎಷ್ಟಿರಬಹುದು ಎಂದು ಕೇಂದ್ರ ಸರ್ಕಾರ 2015ರ ಡಿಸೆಂಬರ್‌ನಲ್ಲಿ ಮಿತಿ ಹಾಕಿತು. ಗಂಧಕ ಉರಿದಾಗ ಹುಟ್ಟುವ ಅನಿಲ ಅದು. ಮಿತಿಯೊಳಗೆ ಇಡಲು ಬೇಕಾದದ್ದು, ಹೊಗೆಯಿಂದ ಅದನ್ನು ತೊಳೆದು ತೆಗೆಯುವ ಎಫ್‌ಜಿಡಿ ಎಂಬ ಯಂತ್ರ. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ಕೊನೆಗೆ 2025ರ ಜುಲೈನಲ್ಲಿ ಮುಕ್ಕಾಲು ಪಾಲು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ಚಿಮಣಿ ನಿಯಮದಷ್ಟು ಎತ್ತರ ಇದ್ದರೆ ಸಾಕಂತೆ. ಕರಾವಳಿಯ ಮಟ್ಟಿಗೆ ಇದು ಸರಿಯೇ, ಇಲ್ಲ ಯಂತ್ರ ಕಡ್ಡಾಯವಾಗಬೇಕೇ? ಕಡ್ಡಾಯದ ಪರ ಒಬ್ಬರ ವಾದ, ವಿರೋಧವಾಗಿ ಇನ್ನೊಬ್ಬರ ವಾದ ಇಲ್ಲಿದೆ.

ಪರ: ಹೋದ ಗಾಳಿ ವಾಪಸ್ ಬರುತ್ತದೆ

"ಕಡಲ ಪಕ್ಕ ತಾನೇ, ಹೊಗೆ ಗಾಳಿಗೆ ಹಾರಿಹೋಗುತ್ತದೆ ಬಿಡಿ" ಅನ್ನುವವರಿದ್ದಾರೆ. ಹಾರಿ ಎಲ್ಲಿಗೆ ಹೋಗುತ್ತದೆ? ರಾತ್ರಿ ನೆಲದಿಂದ ಕಡಲಿಗೆ ಬೀಸುವ ಗಾಳಿ ಮಧ್ಯಾಹ್ನ ಕಡಲಿಂದ ನೆಲಕ್ಕೆ ಬೀಸುತ್ತದೆ. ಮೀನುಗಾರರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಬರುವಾಗ ಹೊಗೆಯ ವೇಷ ಬದಲಾಗಿರುತ್ತದೆ. ಚಿಮಣಿ ಬಿಟ್ಟದ್ದು ಅನಿಲ. ತೇವದ ಗಾಳಿಯಲ್ಲಿ, ಮೋಡದ ಹನಿಯೊಳಗೆ ಅದು ಸಲ್ಫೇಟ್ ಕಣವಾಗುತ್ತದೆ. ಅದು ಪಿಎಂ 2.5 ಎನ್ನುವ ಅತಿ ಸಣ್ಣ ಕಣಗಳ ಗುಂಪಿಗೆ ಸೇರಿದ್ದು. ಕಡಲ ಉಪ್ಪಿನ ಕಣ ಬಹುಪಾಲು ದಪ್ಪ, ಮೂಗು ಗಂಟಲಲ್ಲೇ ನಿಲ್ಲುತ್ತದೆ. ಸಲ್ಫೇಟ್ ಕಣ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಹಾಗಾಗಿ ಅನಿಲ ಅಳೆಯುವ ಮೀಟರ್ ಕಡಿಮೆ ತೋರಿಸಿದರೆ ಖುಷಿಪಡಬೇಕಾದ್ದೇನಿಲ್ಲ. ಅನಿಲ ಕಣವಾಗಿದ್ದರೆ ಆ ಮೀಟರ್‌ಗೆ ಅದು ಕಾಣುವುದೇ ಇಲ್ಲ.

ಇನ್ನು ಚಿಮಣಿಯ ಎತ್ತರ. ಕಡಲ ಮೇಲಿಂದ ಬಂದ ಗಾಳಿ ತಂಪು, ಅದರಲ್ಲಿ ಕಲಕಾಟ ಕಡಿಮೆ. ಹೊಗೆ ಅದರೊಳಗೆ ಮೇಲೆಯೇ ಜಾರಿಕೊಂಡು ಒಳನಾಡಿನ ಕಡೆ ಸಾಗುತ್ತದೆ. ಕೆಳಗೆ ಬಿಸಿಲಿಗೆ ಕಾದ ನೆಲ ಗಾಳಿಯನ್ನು ಕಲಕುತ್ತಿರುತ್ತದೆ. ಕೆಲವು ಕಿಲೋಮೀಟರ್ ಒಳಗೆ ಈ ಕಲಕಾಟ ಹೊಗೆಯನ್ನು ಮುಟ್ಟಿತೋ, ಹೊಗೆ ನೆಲಕ್ಕಿಳಿಯುತ್ತದೆ. ಅಂದರೆ ಚಿಮಣಿಯ ಬುಡದ ಊರು ತಪ್ಪಿಸಿಕೊಂಡರೂ ಆಚೆಯ ಊರು ಉಸಿರಾಡುತ್ತದೆ.

ಕಡಲೂ ಏನು ತಪ್ಪಿಸಿಕೊಂಡಿಲ್ಲ. 1999ರಲ್ಲಿ ಇಂಡೋಎಕ್ಸ್ ತಂಡದ ವಿಜ್ಞಾನಿಗಳು ಹಿಂದೂ ಮಹಾಸಾಗರದ ಮೇಲೆ ನಮ್ಮ ಉಪಖಂಡದಿಂದ ಹೋದ ಕಂದು ಮಬ್ಬನ್ನು ಅಳೆದರು. ಅದರಲ್ಲಿ ಸಲ್ಫೇಟ್ ದೊಡ್ಡ ಪಾಲಿತ್ತು.

ಆಗದ ಕೆಲಸವೇ ಇದು? ಮಹಾರಾಷ್ಟ್ರದ ಡಹಾಣು ಚಿಕ್ಕು ತೋಟಗಳ ಊರು. ಅಲ್ಲಿನ 500 ಮೆಗಾವಾಟ್ ಸ್ಥಾವರದಲ್ಲಿ 2007ರಿಂದ ಸಮುದ್ರದ ನೀರಿನಲ್ಲೇ ಗಂಧಕ ತೊಳೆಯುತ್ತಾರೆ. ನಮ್ಮ ಉಡುಪಿಯ ಎಲ್ಲೂರಿನ 1200 ಮೆಗಾವಾಟ್ ಸ್ಥಾವರದಲ್ಲೂ ಎಫ್‌ಜಿಡಿ ಇದೆ. ಆದರೆ ಯಂತ್ರ ಓಡಿಸಲು ದುಡ್ಡು ಬೇಕು, ಕರೆಂಟು ಬೇಕು. ಕಾನೂನಿನ ಒತ್ತಾಯ ಇಲ್ಲದಿದ್ದರೆ ಯಾವ ಸ್ಥಾವರದವರಾದರೂ ಸುಮ್ನೆ ಯಾಕೆ ಓಡಿಸುತ್ತಾರೆ?

ನನಗೆ ನಗು ಬರುವುದು ಇದಕ್ಕೆ: 2020ರಿಂದ ಹಡಗಿನ ಎಣ್ಣೆಯಲ್ಲಿ ಗಂಧಕ 3.5%ರಿಂದ 0.5%ಕ್ಕೆ ಇಳಿಯಬೇಕು ಎಂಬ ಅಂತರರಾಷ್ಟ್ರೀಯ ನಿಯಮವಿದೆ. ಕಲ್ಲಿದ್ದಲು ಹೊತ್ತು ತರುವ ಹಡಗಿಗೆ ನಿಯಮ, ಸುಡುವ ಚಿಮಣಿಗೆ ರಜೆ!

ವಿರೋಧ: ಮೊದಲು ಅಳೆಯಿರಿ

ಆ 0.5% ಮಾತನ್ನೇ ಹಿಡಿಯೋಣ. ನಮ್ಮ ದೇಶದ ಹೆಚ್ಚಿನ ಕಲ್ಲಿದ್ದಲಲ್ಲಿ ಗಂಧಕ ಇರುವುದೇ ಅಷ್ಟರ ಆಸುಪಾಸಿನಲ್ಲಿ. ಅದರ ದೊಡ್ಡ ಪೀಡೆ ಬೂದಿ. ಬೂದಿ ಹಿಡಿಯುವ ಇಎಸ್‌ಪಿ ಯಂತ್ರ ಸರಿಯಾಗಿ ನಡೆದರೆ ಕಡಿಮೆ ಖರ್ಚಿನಲ್ಲಿ ಜಾಸ್ತಿ ಲಾಭ. ತೀರದ ಅನೇಕ ಸ್ಥಾವರಗಳು ಆಮದು ಕಲ್ಲಿದ್ದಲು ಸುಡುತ್ತವೆ, ನಿಜ. ಹಾಗಾದರೆ ಕಡಿಮೆ ಗಂಧಕದ್ದನ್ನೇ ತರಿಸಿ ಎಂದು ಷರತ್ತು ಹಾಕಿ. ಅದಕ್ಕೆ ಯಂತ್ರ ಬೇಕಿಲ್ಲ.

ಎಫ್‌ಜಿಡಿಗೆ ಮೆಗಾವಾಟ್‌ಗೆ ಸುಮಾರು ಒಂದು ಕೋಟಿ ರೂಪಾಯಿ, ಅಥವಾ ಅದಕ್ಕೂ ಮೇಲೆ. ಅದು ಬಂದು ಕೂರುವುದು ನಮ್ಮ ಕರೆಂಟು ಬಿಲ್ಲಿನ ಮೇಲೆ. ಸುಣ್ಣಕಲ್ಲಿನ ಯಂತ್ರವಾದರೆ ಲೆಕ್ಕ ಹೀಗೆ: ಒಂದು ಟನ್ ಸಲ್ಫರ್ ಡೈಆಕ್ಸೈಡ್ ಹಿಡಿಯಲು ಒಂದೂವರೆ ಟನ್‌ಗೂ ಜಾಸ್ತಿ ಸುಣ್ಣಕಲ್ಲು. ಅದಕ್ಕಾಗಿ ಎಲ್ಲೋ ಒಂದು ಗುಡ್ಡ ಅಗೆಯಬೇಕು. ಆ ಕ್ರಿಯೆಯಲ್ಲಿ ಮುಕ್ಕಾಲು ಟನ್‌ಗೆ ಹತ್ತಿರ ಹತ್ತಿರ ಕಾರ್ಬನ್ ಡೈಆಕ್ಸೈಡ್ ಹೊರಡುತ್ತದೆ. ಎರಡೂವರೆ ಟನ್ ಮೀರಿ ಜಿಪ್ಸಮ್ ಉಳಿಯುತ್ತದೆ. ಕೊಳ್ಳುವವರು ಸಿಗದಿದ್ದರೆ ಅದು ಹೊಸ ಗುಡ್ಡ.

ಡಹಾಣು ಮಾದರಿ ಅನ್ನುತ್ತೀರಾ? ಅಲ್ಲಿ ತೊಳೆದ ನೀರು ವಾಪಸ್ ಕಡಲಿಗೇ ಹೋಗಬೇಕು. ಸಮುದ್ರದಲ್ಲಿ ಸಲ್ಫೇಟ್ ಮೊದಲೇ ಬೇಕಾದಷ್ಟಿದೆ, ಅದರಿಂದ ದೊಡ್ಡ ತೊಂದರೆ ಇಲ್ಲ. ಆದರೆ ಹೊಗೆಯ ಪಾದರಸದಂಥ ಲೋಹವೂ ಸ್ವಲ್ಪ ಜೊತೆಗೆ ಇಳಿಯಬಹುದು. ಗಾಳಿಯಿಂದ ತೆಗೆದು ಬೂತಾಯಿ, ಬಂಗುಡೆಯ ಬಾಯಿಗೆ ಹಾಕುವುದು ಯಾವ ನ್ಯಾಯ?

ಸಲ್ಫೇಟ್ ಬಿಸಿಲನ್ನು ವಾಪಸ್ ಕಳಿಸಿ ಭೂಮಿಯನ್ನು ತಂಪಾಗಿಡುತ್ತದೆ, ಅದನ್ನು ತೆಗೆದರೆ ಬಿಸಿ ಏರುತ್ತದೆ ಎಂಬ ವಾದವೂ ಇದೆ. ವಿಜ್ಞಾನ ಸರಿ. ಆದರೆ ತಂಪಿಗಾಗಿ ಜನ ವಿಷ ಕುಡಿಯಲಿ ಎನ್ನಲು ನನಗೆ ನಾಲಿಗೆ ಬರುವುದಿಲ್ಲ, ಅದನ್ನು ಬಿಡೋಣ.

ನನ್ನ ತಕರಾರು ಎಲ್ಲರಿಗೂ ಒಂದೇ ಮದ್ದು ಕೊಡುವುದರ ಬಗ್ಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಗಾಳಿಯನ್ನು ಮಳೆಯೇ ತೊಳೆಯುತ್ತದೆ. ಚಳಿಗಾಲದ ಉತ್ತರ ಭಾರತಕ್ಕೂ ನಮಗೂ ಹೋಲಿಕೆ ಎಲ್ಲಿ? ದೇಶದ ಮಾನದಂಡದಲ್ಲಿ ಪಿಎಂ 2.5 ವರ್ಷದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೊಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 5 ಸಾಕು ಎನ್ನುತ್ತದೆ. ತೀರದ ಪ್ರತಿ ಸ್ಥಾವರದ ಸುತ್ತ, ಒಳನಾಡಿನ ಹಳ್ಳಿಗಳಲ್ಲೂ ಸೇರಿ, ಈ ಕಣದಲ್ಲಿ ಉಪ್ಪೆಷ್ಟು, ಅಡುಗೆ ಹೊಗೆ ಎಷ್ಟು, ಲಾರಿಯದೆಷ್ಟು, ಸಲ್ಫೇಟ್ ಎಷ್ಟು ಎಂದು ಒಂದು ವರ್ಷ ಅಳೆದು ಊರವರ ಮುಂದೆ ಇಡಲಿ. ಸಲ್ಫೇಟ್ ಜಾಸ್ತಿ ಬಂದ ಊರಲ್ಲಿ ಯಂತ್ರ ಕೇಳಲು ನಾನೂ ಬಂದು ನಿಲ್ಲುತ್ತೇನೆ.